ಬೆಪೊ ಸತ್ತ ಮೆಟ್ಟಿಲು, ದರ್ಶನ ಹತ್ತರಿಂದ ಹನ್ನೆರಡು

ನಾನು ಅರಮನೆಯಲ್ಲಿ ವಾಸ ಮಾಡುವವಳು. ಹೀಗೆ ಹೇಳಿದರೆ ಹೊರಗಿನವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಚಪ್ಪಲಿ ನೋಡುತ್ತಾರೆ. ಅರಮನೆಯೆನ್ನುವುದು ನಿಜ. ಹದಿನೇಳು ಶತಮಾನದ ಹಿಂದೆ ರೋಮಿನ ಚಕ್ರವರ್ತಿ ಡಯೋಕ್ಲೀಷಿಯನ್ ತನಗಾಗಿ ಕಟ್ಟಿಸಿಕೊಂಡ. ಅವನು ಹೋದ ಮೇಲೆ ಸ್ಪ್ಲಿತ್ ಊರಿನ ನಮ್ಮಂಥವರು ಒಳಗೆ ನುಗ್ಗಿ, ಒಂದು ಕಂಬಕ್ಕೂ ಇನ್ನೊಂದು ಕಂಬಕ್ಕೂ ನಡುವೆ ಗೋಡೆ ಎತ್ತಿ, ಒಲೆ ಹಚ್ಚಿ ಸಂಸಾರ ಹೂಡಿಬಿಟ್ಟೆವು. ನನ್ನ ಅಡುಗೆಮನೆಯ ಒಂದು ಗೋಡೆ ಚಕ್ರವರ್ತಿಯದು. ಅದಕ್ಕೆ ಮೊಳೆ ಇಳಿಯುವುದಿಲ್ಲ. ಸಿಂಹಾಸನ ಬಿಟ್ಟು ಬಂದು ಆ ಮನುಷ್ಯ ಇಲ್ಲಿ ಎಲೆಕೋಸು ಬೆಳೆದನಂತೆ. ಪೂರ್ವದ ಗೋಡೆಯಾಚೆಯ ಸಂತೆಯಲ್ಲಿ ಮೂವತ್ತು ವರ್ಷದಿಂದ ಎಲೆಕೋಸು ಮಾರುತ್ತಿರುವ ನನಗೆ ಅವನ ಮೇಲೆ ಗೌರವ ಇರುವುದು ಅದೊಂದೇ ಕಾರಣಕ್ಕೆ.

ಹತ್ತು ವರ್ಷದ ಹಿಂದೆ ಟೀವಿಯವರು ಬಂದರು. ರಾಣಿ, ವಿಷ, ಕತ್ತಿ, ಕುತ್ತಿಗೆ ಎಲ್ಲ ಇದ್ದ ಧಾರಾವಾಹಿ. ನಮ್ಮ ಮುತ್ತಜ್ಜಂದಿರು ತಲೆತಲಾಂತರದಿಂದ ಕಸ ಸುರಿದ ನೆಲಮಾಳಿಗೆಯನ್ನು ನೋಡಿ ಅವರಿಗೆ ಆನಂದವಾಗಿ, ಅದನ್ನು ಸೆರೆಮನೆ ಮಾಡಿದರು. ನಮ್ಮ ಅಂಗಳದ ಕಲ್ಲಿನ ಮೆಟ್ಟಿಲು ಗುಲಾಮರನ್ನು ಕೊಲ್ಲುವ ಜಾಗವಾಯಿತು. ಕೊಲ್ಲುವುದಕ್ಕೆ ಗುಲಾಮರು ಬೇಕಲ್ಲ. ಅಂಗಳದಲ್ಲಿ ಸುಮ್ಮನೆ ನಿಂತಿದ್ದ ಬೆಪೊ ಬಾರಾಸನನ್ನು ಹಿಡಿದುಕೊಂಡರು.

ಬೆಪೊ ನನ್ನ ಪಕ್ಕದ ಮನೆಯವನು. ಹಡಗುಕಟ್ಟೆಯಲ್ಲಿ ದ್ವೀಪದ ಹಡಗುಗಳಿಗೆ ಹಗ್ಗ ಬಿಗಿಯುತ್ತಿದ್ದ. ಫೆಬ್ರವರಿಯ ಚಳಿಯಲ್ಲಿ ಆರು ಗಂಟೆ ಕಾಲ ಮೆಟ್ಟಿಲ ಮೇಲೆ ಸತ್ತು ಮಲಗಿದ. ಧಾರಾವಾಹಿ ಬಂದ ದಿನ ಎದುರು ಮನೆಯ ಮಾಂಡೆಯ ಟೀವಿ ಮುಂದೆ ಇಡೀ ಅಂಗಳ ಸೇರಿತು. ಬೆಪೊ "ಈಗ, ಈಗ" ಅಂದ. ಮಾಂಡೆ ಸೀನಿದಳು. ಸೀನು ಮುಗಿದು ಕಣ್ಣು ಬಿಡುವಷ್ಟರಲ್ಲಿ ಬೆಪೊ ಬಂದು ಹೋಗಿಯಾಗಿತ್ತು. ನೋಡಿದವರು ಹೇಳಿದ ಪ್ರಕಾರ ಮೊಣಕಾಲಿನಿಂದ ಕೆಳಗೆ ಮಾತ್ರ ಕಂಡಿತಂತೆ.

ಅವತ್ತಿನಿಂದ ಅವನು ಕಲಾವಿದ. ಆ ಧಾರಾವಾಹಿಯ ಜಾಗ ನೋಡಲೆಂದೇ ಪ್ರಪಂಚದ ಜನ ಬರತೊಡಗಿದ ಮೇಲಂತೂ ಹಗ್ಗ ಬಿಗಿಯುವ ಕೆಲಸದಿಂದ ನಿವೃತ್ತಿ ತೆಗೆದುಕೊಂಡು, ಸಾಯುವ ಕೆಲಸಕ್ಕೆ ನಿಂತ. ಯಾರಾದರೂ ಅಂಗಳಕ್ಕೆ ಇಣುಕಿದರೆ ಸಾಕು, ಕುತ್ತಿಗೆಗೆ ಬೀಟ್‌ರೂಟ್ ರಸ ಬಳಿದುಕೊಂಡು ಬಂದು ಮೆಟ್ಟಿಲ ಮೇಲೆ ಬೀಳುತ್ತಿದ್ದ. ದಾರಿ ತಪ್ಪಿ ಬಂದ ಅಂಚೆಯವನಿಗೂ ಒಮ್ಮೆ ಸತ್ತು ತೋರಿಸಿದ.

ಈ ಮೇ ತಿಂಗಳ ಕೊನೆಯಲ್ಲಿ ಅವನ ಹೆಂಡತಿ ಜೋರ್ಕಾ ಪೆಟ್ಟಿಗೆ ಹಿಡಿದು ನನ್ನ ಬಾಗಿಲಿಗೆ ಬಂದಳು.

"ಬೀಗದ ಕೈ ಇಟ್ಕೊ ಪೆರಿನಾ. ಗಿಡಕ್ಕೆ ನೀರು ಹಾಕು. ನಾನು ಶೋಲ್ಟಾ ದ್ವೀಪಕ್ಕೆ ಹೊರಟೆ, ತಂಗಿ ಮನೆಗೆ."

"ಎಷ್ಟು ದಿನಕ್ಕೇ?"

"ದಿನಕ್ಕೆ ಹದಿನೇಳು ಸಲ ಸಾಯೋನ ಜೊತೆ ಹ್ಯಾಗೆ ಬಾಳೋದು ಹೇಳು. ಒಂದೇ ಸಲ ಸತ್ತಿದ್ರೆ ಅತ್ತು ಸುಮ್ಮನಾಗ್ತಿದ್ದೆ. ಪ್ರತಿ ಸಲ ಎದ್ದು ಬಂದು 'ಹ್ಯಾಗಿತ್ತು' ಅಂತಾನೆ."

"'ಚೆನ್ನಾಗಿತ್ತು' ಅಂದುಬಿಡು."

"ಅಂದ್ರೆ ಹದಿನೆಂಟನೇ ಸಲ ಸಾಯ್ತಾನೆ" ಎಂದು ಹೇಳಿ ಹೋದಳು.

ಬೆಪೊ ಮೂರು ವಾರ ಡಬ್ಬಿಯ ಮೀನು ತಿಂದ. ಜೋರ್ಕಾ ಇಲ್ಲದೆ ಅವನ ಫೋನಿಗೆ ಚಾರ್ಜು ಹಾಕುವವರೂ ಇರಲಿಲ್ಲ. ಕರೆಯಲು ಹೋದರೆ ಸೋತಂತೆ. ಅದಕ್ಕೆ ಅವನೊಂದು ಉಪಾಯ ಮಾಡಿದ. ಮೆಟ್ಟಿಲ ಮುಂದೆ ಜನ ಸಾಲುಗಟ್ಟಿ ನಿಂತರೆ ಆ ಸುದ್ದಿ ಹಡಗು ಹತ್ತಿ ಶೋಲ್ಟಾ ಮುಟ್ಟುತ್ತದೆ. ಗಂಡ ದೊಡ್ಡ ಮನುಷ್ಯನಾದನೆಂದು ಜೋರ್ಕಾ ತಾನಾಗಿ ಬರುತ್ತಾಳೆ. ಸಾಲು ನಿಲ್ಲಬೇಕಾದರೆ ಬೋರ್ಡು ಬೇಕು.

'ಬೆಪೊ ಸತ್ತ ಮೆಟ್ಟಿಲು, ದರ್ಶನ ಹತ್ತರಿಂದ ಹನ್ನೆರಡು' ಎಂದು ಬೋರ್ಡು ಹಾಕಿದ. ಸ್ಮಾರಕ ಕಚೇರಿಯ ಶ್ಯೋರ್ ಕಲೇಬ್ (ನಮ್ಮಲ್ಲಿ ರಾಯರಿಗೆ ಶ್ಯೋರ್ ಅನ್ನುತ್ತೇವೆ, ಅಮ್ಮನವರಿಗೆ ಶ್ಯೋರಾ) ಬಂದು ಕಿತ್ತುಕೊಂಡು ಹೋದರು. ಮತ್ತೆ ಹಾಕಿದ. ಮತ್ತೆ ಕಿತ್ತರು. ಮೂರನೆಯದನ್ನು ಕೀಳುವಾಗ ನಾನು ಅಲ್ಲೇ ಸೊಪ್ಪು ಬಿಡಿಸುತ್ತಾ ಕೂತಿದ್ದೆ.

"ಇದು ನನ್ನ ಅಡುಗೆಮನೆ ಗೋಡೆ, ಶ್ಯೋರ್ ಕಲೇಬ್" ಅಂದ ಬೆಪೊ.

"ಒಳಮೈ ನಿಮ್ಮದು, ಶ್ಯೋರ್ ಬೆಪೊ. ಹೊರಮೈ ಮನುಕುಲದ್ದು."

"ಮನುಕುಲ ಸುಣ್ಣ ಹೊಡೆಸಿದ್ದು ಯಾವತ್ತೂ ನೋಡ್ಲಿಲ್ಲ."

"ಸುಣ್ಣಾನೂ ಹೊಡೀಬಾರದು. ಏನೂ ಅಂಟಿಸಬಾರದು."

ಬೆಪೊ ಹೆಬ್ಬಾಗಿಲ ಪಕ್ಕ ಕೈ ತೋರಿಸಿದ. ಅಲ್ಲಿ ಕಪ್ಪು ಅಂಚಿನ ನಾಲ್ಕು ಕಾಗದಗಳಿದ್ದವು. ನಮ್ಮಲ್ಲಿ ಯಾರು ಸತ್ತರೂ ಫೋಟೊ ಹಾಕಿ, ಶಿಲುಬೆ ಹಾಕಿ, ಇಂಥ ಕಾಗದ ಅಚ್ಚು ಮಾಡಿಸಿ ಊರೆಲ್ಲ ಅಂಟಿಸುತ್ತಾರೆ. ಬೆಳಗ್ಗೆ ಕಾಫಿಗೆ ಮುಂಚೆ ಅದನ್ನು ಓದದವರಿಲ್ಲ.

"ಅದನ್ನ ಯಾಕೆ ಕೀಳಲ್ಲ?"

"ಅದಕ್ಕೆ ಕೈ ಹಾಕೋರು ಯಾರು?" ಎಂದು ಕಲೇಬ್ ಬೋರ್ಡು ಕಂಕುಳಲ್ಲಿಟ್ಟುಕೊಂಡು ಹೋದರು.

ಬೇರೆ ಯಾರಿಗಾದರೂ ಈ ಮಾತಿನ ಅರ್ಥವಾಗುತ್ತಿತ್ತು. ಬೆಪೊನಿಗೆ ಅರ್ಥವಾದದ್ದು ಇಷ್ಟು: ಆ ಕಾಗದದ ಅಡಿಯಲ್ಲಿ ಹೆಸರಿರುವ ಅಂಗಡಿಯವರಿಗೆ ಸರಕಾರದ ಪರವಾನಗಿ ಇದೆ, ಅವರ ಕೈಯಲ್ಲಿ ಅಚ್ಚು ಮಾಡಿಸಿದರೆ ತನ್ನ ಬೋರ್ಡನ್ನೂ ಯಾರೂ ಕೀಳುವುದಿಲ್ಲ. ತಕ್ಷಣ ಮೂಲೆಯ ಕಾಫಿ ಅಂಗಡಿಗೆ ಹೋಗಿ ಅಲ್ಲಿಂದ ಫೋನ್ ಮಾಡಿದ. ಆ ಮಾತುಕತೆ ನನಗೆ ಆಮೇಲೆ ಎರಡೂ ಕಡೆಯಿಂದ ಸಿಕ್ಕಿತು. ಎರಡೂ ಕಡೆಯವರು ತಪ್ಪು ತಮ್ಮದಲ್ಲ ಅಂದರು.

"ಹೆಸರು ಹೇಳಿ" ಅಂದಳು ಅಚ್ಚಿನ ಅಂಗಡಿಯ ಹೆಂಗಸು.

"ಬೆಪೊ ಬಾರಾಸ್. ಇಲ್ಲೇ ಸತ್ತಿದ್ದು ಅಂತ ದೊಡ್ಡ ಅಕ್ಷರದಲ್ಲಿ ಬರ್ಬೇಕು. ಅಂಗಳದ ಮೆಟ್ಟಿಲ ಮೇಲೆ."

"ದಿಢೀರ್ ಅಂತಾನಾ?"

"ಎಲ್ಲಿ ದಿಢೀರ್, ತಾಯಿ. ಆರು ಗಂಟೆ ಹಿಡೀತು."

"ಅಯ್ಯೋ ಪಾಪ. ನೋವಿತ್ತಾ?"

"ಚಳಿ ಇತ್ತು. ಒಂದು ಸಲಾನೂ ಮಿಸುಕಾಡ್ಲಿಲ್ಲ. ನೋಡಿದವರೆಲ್ಲ ಮೆಚ್ಚಿಕೊಂಡ್ರು."

"ನೀವು ಮನೆಯವರಾ?"

"ಮನೆಯವನೇ."

"ಹೆಂಡತಿ ಮಕ್ಕಳು?"

"ಹೆಂಡತಿ ಜೋರ್ಕಾ. ಶೋಲ್ಟಾದಲ್ಲಿ ತಂಗಿ ಮನೇಲಿದಾಳೆ."

"ಹ್ಯಾಗಿದಾರೆ ಅವರು?"

"ಹ್ಯಾಗಿರ್ತಾಳೆ. ಒಳಗೊಳಗೇ ದುಃಖ ಪಡ್ತಿರ್ತಾಳೆ" ಅಂದನಂತೆ.

"ದರ್ಶನ ಯಾವಾಗ?"

"ಹತ್ತರಿಂದ ಹನ್ನೆರಡು. ದಿನಾ. ಭಾನುವಾರ ಬಿಟ್ಟು."

ದುಃಖದಲ್ಲಿರುವವರು ಏನೇನೋ ಹೇಳುತ್ತಾರೆ, ತಿದ್ದಿಕೊಳ್ಳುವುದು ನಮ್ಮ ಧರ್ಮ ಎಂದು ಆ ಹೆಂಗಸು ನನಗೆ ಆಮೇಲೆ ಹೇಳಿದಳು. ಎಲ್ಲೆಲ್ಲಿ ಅಂಟಿಸಬೇಕೆಂದು ಕೇಳಿದ್ದಕ್ಕೆ ಬೆಪೊ "ಜನ ನೋಡೋ ಕಡೆ ಎಲ್ಲಾ" ಅಂದ. ತಾನೇ ಹೋಗಿ ಫೋಟೊ ಕೊಟ್ಟು ಬರಲು ನಾಚಿಕೆಯಾಗಿ, ಕಾಫಿ ಅಂಗಡಿಯವನ ಕೈಯಲ್ಲಿ ಕಳಿಸಿದ.

ಗುರುವಾರ ಬೆಳಗ್ಗೆ ಅವನು ಮೊದಲ ಬಸ್ಸಿಗೆ ಪಕ್ಕದೂರಿಗೆ ಹೋದ. ಅಲ್ಲಿಯ ನಾಟಕ ಸಂಘದಲ್ಲಿ ಗುಲಾಮನ ಅಂಗಿ ಇದೆಯೆಂದು ಯಾರೋ ಹೇಳಿದ್ದರು. ಕಾಗದ ಅಂಟಿಸುವವರು ಆರೂವರೆಗೆ ಬಂದರು.

ನಾನು ಎಂಟು ಗಂಟೆಗೆ ಸಂತೆಯಿಂದ ಚಿಲ್ಲರೆಗಾಗಿ ಮನೆಗೆ ಬರುವಾಗ ಹೆಬ್ಬಾಗಿಲ ಕಪ್ಪು ಅಂಚಿನ ಕಾಗದದೊಳಗಿಂದ ಬೆಪೊ ನನ್ನನ್ನು ನೋಡಿ ನಗುತ್ತಿದ್ದ. ಕೆಳಗೆ ಹೀಗಿತ್ತು: 'ನಮ್ಮ ಪ್ರೀತಿಯ ಬೆಪೊ ಬಾರಾಸ್ ಅವರು ತಮ್ಮ ಮನೆಯಂಗಳದ ಮೆಟ್ಟಿಲ ಮೇಲೆ, ಆರು ಗಂಟೆಗಳ ಕಾಲ ಚಳಿಯನ್ನು ಧೈರ್ಯದಿಂದ ಸಹಿಸಿ ನಿಧನರಾದರೆಂದು ತೀವ್ರ ವಿಷಾದದಿಂದ ತಿಳಿಸುತ್ತೇವೆ. ಅಂತಿಮ ದರ್ಶನ ಗುರುವಾರ ಹತ್ತರಿಂದ ಹನ್ನೆರಡು. ದುಃಖತಪ್ತ ಪತ್ನಿ ಜೋರ್ಕಾ.'

ಜೂನ್ ತಿಂಗಳು. ಚಳಿ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಅಚ್ಚಾದ ಮೇಲೆ ಮುಗಿಯಿತು. ಬೆಳಗಿನ ಐದಕ್ಕೆ ನಾನು ಆ ಮೆಟ್ಟಿಲನ್ನು ಇಳಿದೇ ಸಂತೆಗೆ ಹೋಗಿದ್ದೆ, ಅಲ್ಲಿ ಯಾರೂ ಇರಲಿಲ್ಲ. ಆದರೂ ನನಗೆ ಬಂದ ಮೊದಲ ಯೋಚನೆ, ಅರೆಗತ್ತಲಲ್ಲಿ ಪಾಪ ಅವನನ್ನು ದಾಟಿಕೊಂಡು ಹೋಗಿಬಿಟ್ಟೆನೇ ಅಂತ.

ಒಂಬತ್ತೂವರೆಗೆ ಅಂಗಳ ತುಂಬಿತು. ಹಡಗುಕಟ್ಟೆಯ ಅವನ ನಾಲ್ವರು ಗೆಳೆಯರು ಕಪ್ಪು ಅಂಗಿ ತೊಟ್ಟು ಹಾಡಲು ಬಂದರು. ಹೆಣ ಎಲ್ಲಿದೆಯೆಂದು ಒಬ್ಬರೂ ಕೇಳಲಿಲ್ಲ, ಅದು ಮರ್ಯಾದೆಯಲ್ಲ. ಆಸ್ಪತ್ರೆಯಲ್ಲಿದೆ ಅಂತ ನಾನು ತಿಳಿದಿದ್ದೆ. ಇಗರ್ಜಿಯಲ್ಲಿದೆ ಅಂತ ಗೆಳೆಯರು ತಿಳಿದಿದ್ದರು. ಮಾಂಡೆ ಮಾತ್ರ ಆ ವಿಚಾರ ಮಾಡಿರಲಿಲ್ಲ, ಅವಳಿಗೆ ಬೇರೆ ಕೆಲಸವಿತ್ತು. ಅವಳ ಕಿಟಕಿಯಿಂದ ಬೆಪೊನ ಕಿಟಕಿಗೆ ಬಟ್ಟೆ ಒಣಹಾಕುವ ಒಂದೇ ರಾಟೆ ಹಗ್ಗ. ಅರ್ಧ ಅವರದು, ಅರ್ಧ ಇವಳದು. ಇಪ್ಪತ್ತು ವರ್ಷದಿಂದ ಅದಕ್ಕೆ ಜಗಳ. ಅವತ್ತು ಈ ತುದಿಯಿಂದ ಆ ತುದಿಯವರೆಗೆ ಅವಳ ಆರು ದುಪ್ಪಟಿಗಳು ಗಾಳಿಗೆ ಹಾರುತ್ತಿದ್ದವು.

"ಇಷ್ಟು ಬೇಗಾನಾ ಮಾಂಡೆ?" ಅಂದೆ.

"ಬಿಳಿ ಬಟ್ಟೆ ಕಣೇ. ಅವನ ಗೌರವಕ್ಕೆ ಹಾಕಿದೀನಿ" ಅಂದಳು. ಅಂದವಳು ಇನ್ನೊಂದು ದಿಂಬಿನ ಚೀಲವನ್ನೂ ಗೌರವಕ್ಕೆ ಸೇರಿಸಿದಳು.

ಶ್ಯೋರ್ ಕಲೇಬ್ ಟೋಪಿ ಕೈಯಲ್ಲಿ ಹಿಡಿದು ಬಂದರು. ಕಂಕುಳಲ್ಲಿ ಮೂರು ಬೋರ್ಡು.

"ನಾನೇ ಕೊಂದೆ, ಶ್ಯೋರಾ ಪೆರಿನಾ. ಮಂಗಳವಾರ ಕಿತ್ತಾಗ ಅವರ ಮುಖ ನೋಡಿದ್ದೆ. ಇಲ್ಲೇ ಕೂತು ಸೊರಗಿ ಹೋಗಿದಾರೆ."

"ಚಳಿಯಿಂದ ಅಂತ ಹಾಕಿದಾರಲ್ಲ."

"ಮನಸ್ಸಿನ ಚಳಿ" ಅಂದರು ಕಲೇಬ್. "ಸುತ್ತಿಗೆ ಇದ್ರೆ ಕೊಡಿ. ಮೂರನ್ನೂ ನಾನೇ ಹೊಡೀತೀನಿ."

"ಮನುಕುಲದ ಗೋಡೆಗಾ?"

"ಮನುಕುಲ ಸುಧಾರಿಸ್ಕೊಳ್ಳುತ್ತೆ ಬಿಡಿ."

ಹತ್ತೂಕಾಲಿಗೆ ಜೋರ್ಕಾ ಬಂದಳು. ಶೋಲ್ಟಾದ ಹಡಗುಕಟ್ಟೆಯಲ್ಲೂ ಆ ಕಾಗದ ಅಂಟಿಸಿದ್ದರು. ರೊಟ್ಟಿ ತರಲು ಹೋದವಳು ಗಂಡನ ಫೋಟೊ ನೋಡಿ, ರೊಟ್ಟಿ ಸಮೇತ ಹಡಗು ಹತ್ತಿದ್ದಳು. ಕಟ್ಟೆಗೆ ತಂಗಿ ಓಡಿ ಬಂದು ಕೊಟ್ಟ ತನ್ನ ಕಪ್ಪು ಉಡುಪು ಅವಳಿಗೆ ಬಿಗಿಯಾಗಿ, ಬೆನ್ನಿನ ಮೇಲಿನ ಎರಡು ಹುಕ್ಕು ಹಾಕಲಾಗಿರಲಿಲ್ಲ. ಜನ ದಾರಿ ಬಿಟ್ಟರು. ಅವಳು ಬಂದು ಆ ಮೆಟ್ಟಿಲ ಮೇಲೆ ಕೂತಳು.

"ನಂಗ್ಯಾಕೆ ಯಾರೂ ಫೋನ್ ಮಾಡ್ಲಿಲ್ಲ?" ಅಂದಳು.

ನಾನು ಮಾಂಡೆಯನ್ನು ನೋಡಿದೆ. ಮಾಂಡೆ ಕಲೇಬರನ್ನು ನೋಡಿದಳು. ಕಲೇಬ್ ಟೋಪಿಯೊಳಗೆ ನೋಡಿದರು.

"ಒಳ್ಳೆ ಮನುಷ್ಯ ಇದ್ದ" ಅಂದಳು ಮಾಂಡೆ, ಏನಾದರೂ ಹೇಳಬೇಕಲ್ಲ ಅಂತ.

"ಎಲ್ಲಿ ಒಳ್ಳೆಯವನು, ಸುಮ್ನಿರು. ಗೊರಕೆ ಹೊಡೀತಿದ್ದ. ಮೀನಿನ ಎಣ್ಣೆ ಕೈಯನ್ನ ಪರದೆಗೆ ಒರೆಸ್ತಿದ್ದ." ಜೋರ್ಕಾ ಕರವಸ್ತ್ರ ತೆಗೆದು ಮುಖ ಮುಚ್ಚಿಕೊಂಡಳು. ಅದರೊಳಗಿಂದ ಹೇಳಿದಳು: "ಆದ್ರೆ ಸಾಯೋದು ಚೆನ್ನಾಗಿ ಸಾಯ್ತಿದ್ದ ಕಣ್ರೇ. ನಿಜವಾಗ್ಲೂ ಚೆನ್ನಾಗಿ ಸಾಯ್ತಿದ್ದ. ಒಂದು ದಿನಾನೂ ನಾನು ಬಾಯಿಬಿಟ್ಟು ಹೇಳ್ಲಿಲ್ಲ."

ನಾಲ್ವರು ಗೆಳೆಯರು ಹಾಡಲು ಶುರುಮಾಡಿದರು. ಅವರ ದನಿ ಕಲ್ಲಿಗೆ ಬಡಿದು ಎದ್ದು ನಿಂತಿತು. ನನಗೂ ಕಣ್ಣು ಒದ್ದೆಯಾಯಿತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಬೆಪೊ ಬಂದ.

ಸಮುದ್ರದ ಕಡೆಯ ನೆಲಮಾಳಿಗೆಯಿಂದ ಹತ್ತಿ ಬಂದ. ಮೊಣಕಾಲು ಮುಟ್ಟದ ಗೋಣಿಬಟ್ಟೆಯ ಅಂಗಿ, ಕುತ್ತಿಗೆಯಿಂದ ಎದೆಯವರೆಗೆ ಬೀಟ್‌ರೂಟ್. ಆ ವೇಷದಲ್ಲಿ ಬಸ್ಸಿನಿಂದ ಇಳಿದಾಗಲೇ ಹಿಂದೆ ಬಿದ್ದ ಇಪ್ಪತ್ತು ಜನ ಪ್ರವಾಸಿಗರು ಫೋನು ಎತ್ತಿ ಹಿಡಿದು ಬರುತ್ತಿದ್ದರು. ಅಂಗಳದಲ್ಲಿ ಇಷ್ಟೊಂದು ಜನರನ್ನು ಕಂಡು ಅವನು ನಿಂತ. ಹಾಡು ಕೇಳಿದ. ಗೋಡೆಯ ಮೇಲೆ ತನ್ನ ಮೂರೂ ಬೋರ್ಡು, ಪಕ್ಕದಲ್ಲಿ ಸುತ್ತಿಗೆ ಹಿಡಿದ ಕಲೇಬ್. ಮೆಟ್ಟಿಲ ಮೇಲೆ, ಎಲ್ಲರಿಗಿಂತ ಮುಂದಿನ ಜಾಗದಲ್ಲಿ, ಮುಖ ಮುಚ್ಚಿ ಕೂತ ಜೋರ್ಕಾ. ಅವನ ಮುಖ ಅರಳಿದ್ದನ್ನು ನಾನು ನೋಡಿದೆ. ತನ್ನ ಉಪಾಯ ಅರ್ಧ ದಿನದಲ್ಲಿ ಫಲ ಕೊಟ್ಟಿತೆಂದು ಆ ಪುಣ್ಯಾತ್ಮ ತಿಳಿದ.

ಹಾಡು ಒಂದೊಂದೇ ದನಿಯಾಗಿ ನಿಂತಿತು. ಕಲೇಬ್ ಶಿಲುಬೆಯ ಗುರುತು ಹಾಕಿಕೊಳ್ಳಲು ಹೋಗಿ ಸುತ್ತಿಗೆಯನ್ನು ಹಣೆಗೆ ಬಡಿದುಕೊಂಡರು. ಮೇಲೆ ಕಿಟಕಿಯಲ್ಲಿ ಮಾಂಡೆ ಹಗ್ಗ ಬಿಟ್ಟಳು. ಆರು ದುಪ್ಪಟಿ, ಒಂದು ದಿಂಬಿನ ಚೀಲ ಅಂಗಳದ ಧೂಳಿಗೆ ಇಳಿದವು.

ಮೌನ ಬಿದ್ದ ಮೇಲೆ ಕಲಾವಿದ ಕಾಯಬಾರದು. "ರಾಣೀ, ನಾನೇನು ತಪ್ಪು ಮಾಡಿದೆ" ಎಂದು ಕೂಗಿ ಬೆಪೊ ತೂರಾಡಿಕೊಂಡು ಬಂದ. ಒಂದು ದುಪ್ಪಟಿಯನ್ನು ತುಳಿದ, ಇನ್ನೊಂದನ್ನು ಹಿಡಿದು ಎದೆಗೊತ್ತಿಕೊಂಡ, ಎರಡು ಸುತ್ತು ತಿರುಗಿದ, ಜೋರ್ಕಾಳ ಪಾದದ ಹತ್ತಿರ ಬಿದ್ದು ಕಾಲು ಜಾಡಿಸಿ ಸತ್ತ. ಹತ್ತು ವರ್ಷದಲ್ಲಿ ಅವನು ಅಷ್ಟು ಚೆನ್ನಾಗಿ ಸತ್ತದ್ದನ್ನು ನಾನು ಕಂಡಿಲ್ಲ.

ಪ್ರವಾಸಿಗರು ಚಪ್ಪಾಳೆ ತಟ್ಟಿದರು. ಒಬ್ಬಾಕೆ ನನ್ನ ಒದ್ದೆ ಕಣ್ಣಿನ ಫೋಟೊ ತೆಗೆದು ಬೆನ್ನು ತಟ್ಟಿ ಹೋದಳು.

ಜೋರ್ಕಾ ಕರವಸ್ತ್ರ ಇಳಿಸಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಶೂವಿನ ತುದಿಯಿಂದ ಅವನ ಪಕ್ಕೆ ಮುಟ್ಟಿದಳು.

"ಏಳು."

"ತಡಿಯೇ ಜೋರ್ಕಾ" ಅಂದ ಹೆಣ, ತುಟಿ ಅಲ್ಲಾಡಿಸದೆ. "ಇನ್ನೂ ತೆಗೀತಿದಾರೆ."

ಅವಳು ಎದ್ದು ನಿಂತಳು. ಮುಖದಲ್ಲಿದ್ದ ದುಃಖವೆಲ್ಲ ಎಲ್ಲಿ ಹೋಯಿತೋ, ಅದರ ಜಾಗದಲ್ಲಿ ಬಂದದ್ದನ್ನು ನೋಡಿ ನಾಲ್ವರು ಗೆಳೆಯರು ಒಂದು ಹೆಜ್ಜೆ ಹಿಂದೆ ಸರಿದರು. ಪೆಟ್ಟಿಗೆ ಇರಲಿಲ್ಲ, ರೊಟ್ಟಿ ಎತ್ತಿಕೊಂಡಳು.

"ಮುಂದಿನ ಹಡಗು ಎಷ್ಟು ಗಂಟೆಗೆ?"

"ಎರಡೂವರೆಗೆ" ಅಂದುಬಿಟ್ಟ ಬೆಪೊ. ಮೂವತ್ತು ವರ್ಷದ ಅಭ್ಯಾಸ. ಅಂದ ಮೇಲೆ ಕಣ್ಣು ಬಿಟ್ಟು, ತಾನು ಏನು ಹೇಳಿದೆನೆಂದು ಯೋಚಿಸಿದ.

ನಾನು ಅವನನ್ನು ಹೆಬ್ಬಾಗಿಲಿಗೆ ಕರೆದುಕೊಂಡು ಹೋಗಿ ಕಾಗದ ತೋರಿಸಿದೆ, ಉಳಿದವರೂ ಹಿಂದೆ ಬಂದರು. ಅವನು ತುಟಿ ಆಡಿಸುತ್ತಾ ಎರಡು ಸಲ ಓದಿದ.

"ಈ ಅಂಗಡಿಯವರಿಗೆ ಪರವಾನಗಿ ಇದೆ ಅಂದ್ಕೊಂಡೆ" ಅಂದ.

"ಸಾಯೋಕೆ ಪರವಾನಗಿ ಯಾಕೋ?" ಅಂದ ಗೆಳೆಯರಲ್ಲೊಬ್ಬ. "ನಾನು ಕೆಲಸಕ್ಕೆ ರಜ ಹಾಕಿ ಬಂದಿದೀನಿ."

ಜೋರ್ಕಾಗೆ ಸಿಟ್ಟು ಅದಕ್ಕಲ್ಲ. ಅವಳು ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ದುಃಖತಪ್ತ ಅಂತ ಹಾಕೋಕೆ ನಿಂಗೆ ಯಾರು ಹೇಳಿದ್ದು?"

"ಆಕೆ ಕೇಳಿದ್ಲು, ಹೆಂಡತಿ ಹ್ಯಾಗಿದಾರೆ ಅಂತ."

"ಚೆನ್ನಾಗಿದೀನಿ ಅನ್ನಬೇಕಿತ್ತು. ಮೂರು ವಾರ ಸುಖವಾಗಿದ್ದೆ. ಹೊಟ್ಟೆ ತುಂಬ ತಿಂದೆ, ಕಣ್ತುಂಬ ನಿದ್ದೆ ಮಾಡಿದೆ." ಹಾಕಲಾಗದ ಎರಡು ಹುಕ್ಕು ಅದಕ್ಕೆ ಸಾಕ್ಷಿಯಾಗಿದ್ದವು.

"ಮತ್ತೆ ಈಗ ಅತ್ತಿದ್ದು?" ಅಂದಳು ಮಾಂಡೆ ಕಿಟಕಿಯಿಂದ.

"ಬಿಸಿಲು" ಅಂದಳು ಜೋರ್ಕಾ.

ಕಲೇಬ್ ಹಣೆ ಉಜ್ಜಿಕೊಳ್ಳುತ್ತಾ ಅಧಿಕಾರವನ್ನು ನೆನಪಿಗೆ ತಂದುಕೊಂಡರು. "ಶ್ಯೋರ್ ಬೆಪೊ, ಸತ್ತಿಲ್ಲ ಅಂದ್ಮೇಲೆ ಇದು ಜಾಹೀರಾತು. ಕಿತ್ತು ಹಾಕ್ಬೇಕು." ಕೈ ಚಾಚಿದವರು ಶಿಲುಬೆ ನೋಡಿ ಹಿಂದಕ್ಕೆ ತೆಗೆದುಕೊಂಡರು. "ಮನೆಯವರೇ ಕೀಳಲಿ."

"ಕಿತ್ರೆ ಸಾಕಾ?" ಅಂದೆ ನಾನು. "ಊರೆಲ್ಲ ಓದಿಯಾಗಿದೆ. ಸಂತೆಗೆ ಹೋದ್ರೆ ಜೋರ್ಕಾ ಕೈ ಹಿಡಿದು ಎಲ್ಲರೂ ಅಳ್ತಾರೆ. ಶೋಲ್ಟಾಗೆ ಹೋದ್ರೆ ಅಲ್ಲೂ ಅಳ್ತಾರೆ. ತಿದ್ದುಪಡಿ ಹಾಕಿಸ್ಬೇಕು."

ಇದು ಜೋರ್ಕಾಗೆ ನಾಟಿತು. ನನ್ನ ಅಡುಗೆಮನೆಗೆ ಬಂದು ಅಂಗಡಿಗೆ ಫೋನ್ ಮಾಡಿದಳು. ಬೆಪೊ ಬಾಗಿಲಲ್ಲಿ ಗೋಣಿಬಟ್ಟೆಯಲ್ಲೇ ನಿಂತ. ನಾನು ಅವನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದೆ: "ನೀನು ಸತ್ತೆ ಅಂತ ತಿಳಿದಾಗ ಅವಳು ಏನಂದಳು ಗೊತ್ತಾ? ಚೆನ್ನಾಗಿ ಸಾಯ್ತಿದ್ದ ಅಂದಳು. ಎರಡು ಸಲ ಅಂದಳು."

ಅವನು ಅಂಗಳಕ್ಕೆ ಹೋಗಿ ಮಾಂಡೆಯ ಆರು ದುಪ್ಪಟಿಗಳನ್ನು ಹೆಕ್ಕಿಕೊಂಡು ಬಂದು, ಟಬ್ಬಿನಲ್ಲಿ ಹಾಕಿ ನೀರು ಬಿಟ್ಟ.

ಅಂಗಡಿಯ ಹೆಂಗಸು ಮೂರು ವಿಷಯ ಹೇಳಿದಳು. ಸತ್ತವರು ಬದುಕಿದ್ದಕ್ಕೆ ತಮ್ಮಲ್ಲಿ ಬೇರೆ ಅಂಚು ಇಲ್ಲ, ಕಪ್ಪೇ. ಶಿಲುಬೆಯೂ ಅಚ್ಚಿನಲ್ಲೇ ಇದೆ, ತೆಗೆಯಲು ಬರುವುದಿಲ್ಲ. ಮತ್ತು ಇನ್ನೊಂದು ಸಲ ತಪ್ಪಾಗಬಾರದು, ಕರಡು ಐದು ಗಂಟೆಗೆ ಬರುತ್ತದೆ, ಮನೆಯವರೇ ಓದಿ ಸಹಿ ಹಾಕಬೇಕು.

"ಐದಕ್ಕಾ?" ಎಂದು ಜೋರ್ಕಾ ಗಡಿಯಾರ ನೋಡಿದಳು. ಆಮೇಲೆ ಬಾಗಿಲಾಚೆ ನೋಡಿದಳು. ಬೆಪೊ ಮೊಣಕೈವರೆಗೆ ನೊರೆಯಲ್ಲಿದ್ದ. ಅವನ ಕುತ್ತಿಗೆಯಿಂದ ತೊಟ್ಟಿಕ್ಕಿದ ಬೀಟ್‌ರೂಟ್ ರಸ ಟಬ್ಬಿಗೇ ಬೀಳುತ್ತಿದ್ದುದರಿಂದ, ಒಗೆದಷ್ಟೂ ದುಪ್ಪಟಿ ಕೆಂಪಗಾಗುತ್ತಿತ್ತು.

"ಮೊದಲು ಕತ್ತು ತೊಳ್ಕೊಳ್ಳೋ ಮಾರಾಯ" ಅಂದಳು.

ಎರಡೂವರೆಗೆ ಶೋಲ್ಟಾ ಹಡಗಿನ ಸೀಟಿ ಕೇಳಿಸಿತು. ಮೂವತ್ತು ವರ್ಷ ಆ ಸೀಟಿಗೆ ಎದ್ದು ಓಡಿದ ಬೆಪೊ ತಲೆಯೆತ್ತಲಿಲ್ಲ, ಹಡಗು ಹೊರಟಿತು ಅಂತಲೂ ಹೇಳಲಿಲ್ಲ. ಜೀವಮಾನದಲ್ಲಿ ಸರಿಯಾದ ಹೊತ್ತಿಗೆ ಅವನು ಬಾಯಿ ಮುಚ್ಚಿಕೊಂಡಿದ್ದು ಅದೊಂದೇ ಸಲ. ಜೋರ್ಕಾ ರೊಟ್ಟಿ ಕತ್ತರಿಸುತ್ತಿದ್ದಳು. ಅವಳಿಗೂ ಕೇಳಿಸಲಿಲ್ಲವೆಂದು ನಾನು ಪ್ರಮಾಣ ಮಾಡಲಾರೆ.

ಐದಕ್ಕೆ ಕರಡು ಬಂತು. ಜೋರ್ಕಾ ಓದಿ, ಎರಡು ಕಡೆ ಹೊಡೆದು ಹಾಕಿ, ತಾನೇ ಬರೆದು ಸಹಿ ಮಾಡಿದಳು. ಮರುದಿನ ಬೆಳಗ್ಗೆ ಊರಿನ ಎಲ್ಲ ಗೋಡೆಗಳ ಮೇಲೂ ಹಳೆಯ ಕಾಗದದ ಜಾಗದಲ್ಲಿ ಹೊಸದು ಬಂದಿತ್ತು. ಅದೇ ಫೋಟೊ, ಅದೇ ಶಿಲುಬೆ, ಅದೇ ಕಪ್ಪು ಅಂಚು. ಕೆಳಗೆ ಹೀಗಿತ್ತು: 'ಬೆಪೊ ಬಾರಾಸ್ ಸತ್ತಿಲ್ಲ. ಪತ್ನಿ ಜೋರ್ಕಾ ದುಃಖತಪ್ತಳಲ್ಲ. ಆಕೆ ಮನೆಗೆ ಮರಳಿದ್ದಾಳೆ. ಆತ ಬಟ್ಟೆ ಒಗೆಯುತ್ತಿದ್ದಾನೆ.'

ನಾನು ಸಂತೆಗೆ ಹೋಗುವಾಗ ಹೆಬ್ಬಾಗಿಲಲ್ಲಿ ಇಬ್ಬರು ಮುದುಕರು ನಿಂತು ಅದನ್ನು ಓದುತ್ತಿದ್ದರು. ಕೊನೆಯ ಸಾಲಿಗೆ ಬಂದ ಮೇಲೆ ಇಬ್ಬರೂ ಟೋಪಿ ತೆಗೆದು, ಶಿಲುಬೆಯ ಗುರುತು ಹಾಕಿಕೊಂಡು, "ಪಾಪ, ಹೀಗಾಗಬಾರದಿತ್ತು" ಅಂದರು.